ಗುರುಪಾದಪ್ಪನವರು ಕಂಡ ಸವೆತ

ಅಮೆರಿಕದ ಕೆನ್ಮೋರಿನಲ್ಲಿ ನೆಲೆಸಿದ ಗುರುಪಾದಪ್ಪನವರದು ಸವೆತ ಹಿಡಿಯುವ ಕೆಲಸ. ವಿಮಾನದ ಬಿಡಿಭಾಗ ಕೂದಲೆಳೆಯಷ್ಟು ತೆಳುವಾದರೂ ಅವರ ಕಣ್ಣು ತಪ್ಪಿಸುವಂತಿಲ್ಲ. ಮನೆಯಲ್ಲೂ ಅದೇ ಚಾಳಿ. ಬಾಗಿಲ ತಿರುಗಣಿ, ಕಾರಿನ ಟೈರು, ಮಿಕ್ಸಿಯ ಬ್ಲೇಡು, ಯಾವುದನ್ನೂ ಬಿಡರು. ತನ್ನನ್ನೂ ಒಮ್ಮೆ ಅಳೆದು ನೋಡಿರೆಂದು ಹೆಂಡತಿ ಸೋಮವ್ವ ಆಡಿಕೊಳ್ಳುವುದುಂಟು. ಇಂಥವರ ಕೈಗೆ ಆ ಲೇಖನ ಸಿಗಬಾರದಿತ್ತು, ಸಿಕ್ಕಿತು.

ಮಗ ತನ್ಮಯ ಕಾಲೇಜಿನ ಎರಡನೇ ವರ್ಷದಲ್ಲಿ ಮಂಕಾದ. ಯಾರೋ ಬೈಯುತ್ತಿದ್ದಾರೆಂದು ಖಾಲಿ ಕೋಣೆಯಲ್ಲಿ ಕಿವಿ ಮುಚ್ಚಿ ಕೂರುತ್ತಿದ್ದ. ಸೈಕೋಸಿಸ್ ಎಂಬ ಮನಸ್ಸಿನ ಕಾಯಿಲೆ, ಈಗಷ್ಟೇ ಶುರುವಾಗಿದೆ ಎಂದರು ಡಾಕ್ಟರು. ಪುಣ್ಯಕ್ಕೆ ಮಾತ್ರೆ ನಾಟಿತು, ಬೈಗುಳ ನಿಂತಿತು. ಹುಡುಗ ಹೊಟ್ಟೆತುಂಬ ಉಂಡ, ನಿದ್ದೆ ಮಾಡಿದ. ಮನೆಯವರು ಉಸಿರು ಬಿಡುವಷ್ಟರಲ್ಲಿ ಗುರುಪಾದಪ್ಪನವರು ಓದಿದರು: ಅಂಥ ಮಾತ್ರೆ ತೆಗೆದುಕೊಂಡ ಕೆಲವರ ಮಿದುಳು ಸ್ಕ್ಯಾನಿನಲ್ಲಿ ಕೊಂಚ ಕುಗ್ಗಿ ಕಂಡಿದೆಯಂತೆ. ಹೆತ್ತ ಮಗನ ತಲೆಯನ್ನು ಕೈಯಾರೆ ಸವೆಸುತ್ತಿದ್ದೇವಲ್ಲ ಎಂದು ಒದ್ದಾಡಿಹೋದರು.

ಡಾಕ್ಟರ ಮುಂದೆ ವಾದಕ್ಕೇ ನಿಂತರು. ಆಕೆ ಮುಚ್ಚುಮರೆ ಮಾಡಲಿಲ್ಲ. ಮಾತ್ರೆಯಿಂದಲೂ ಬದಲಾವಣೆ ಆಗಬಹುದು, ಕಾಯಿಲೆಯಿಂದಲೂ ಆಗಬಹುದು, ಯಾವುದರ ಪಾಲು ಎಷ್ಟೆಂದು ಇನ್ನೂ ಖಚಿತವಿಲ್ಲ. ಆದರೆ ತಟ್ಟನೆ ಬಿಟ್ಟರೆ ಕಾಯಿಲೆ ಮರಳುವ ಭಯ ದೊಡ್ಡದು, ಬೇಕಾದಷ್ಟೇ ಕೊಟ್ಟು ಕಣ್ಣಿಟ್ಟಿರೋಣ ಎಂದರು. ಖಚಿತವಿಲ್ಲದ ಒಂದು ಬೋಲ್ಟನ್ನೂ ಪಾಸು ಮಾಡದ ಆಸಾಮಿ ಇಷ್ಟಕ್ಕೆ ಒಪ್ಪಿಯಾರೇ? ಕಾರಿನಲ್ಲಿ ಮನೆ ತಲುಪುವವರೆಗೂ ಗೊಣಗಿದರು.

ಮರುದಿನ ತಿಂಡಿಯ ಹೊತ್ತಿಗೆ ಮಾತ್ರೆ ಡಬ್ಬಿಯ ಮೇಲೆ ಕೈಯಿಟ್ಟು ಕೂತರು.

"ಸಾಕ ಬಿಡಪಾ. ತಲಿ ಸವಸ್ಕೊಂಡು ಬದುಕೂದು ಬ್ಯಾಡ."

ತನ್ಮಯ ಸಿಟ್ಟಾಗಲಿಲ್ಲ. ಅಪ್ಪ ಕನ್ನಡದಲ್ಲಿ ಏನೇ ಕೇಳಲಿ, ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಅವನು. ಅಂದು ಒಂದೊಂದೇ ಮಾತು ಹುಡುಕಿಕೊಂಡು ಕನ್ನಡದಲ್ಲಿ ಹೇಳಿದ.

"ಪಪ್ಪಾ, ಆ ಬೈಯೋ ದನಿ ಕನ್ನಡದಾಗ ಬೈತಿತ್ತು. ನಿಮ್ಮ ದನಿ ಅದು."

ಗುರುಪಾದಪ್ಪನವರ ಕೈ ಡಬ್ಬಿಯಿಂದ ತಾನಾಗಿ ಸರಿಯಿತು. ಏನೋ ಹೇಳಲು ಬಾಯಿ ತೆರೆದವರು ತಮ್ಮ ದನಿಗೆ ತಾವೇ ಹೆದರಿ ಸುಮ್ಮನಾದರು. ಅಷ್ಟು ಸಂಕಟ ಅವರಿಗೆ ಯಾವ ಸ್ಕ್ಯಾನಿನಿಂದಲೂ ಆಗಿರಲಿಲ್ಲ.

ತನ್ಮಯ ಮಾತ್ರೆ ನುಂಗಿ ನೀರು ಕುಡಿದ. ಅಪ್ಪ ಇನ್ನೂ ತಲೆ ತಗ್ಗಿಸಿಯೇ ಕೂತಿದ್ದರು.

"ಮಾತಾಡ್ರಿ ಪಪ್ಪಾ," ಎಂದ. "ಈಗ ನೀವು ಮಾತಾಡಿದ್ರ, ನೀವ ಅಂತ ಗೊತ್ತಾಗ್ತದ."