ಎರಡು ಶಟರಿಗೊಂದು ದೀಪ

ಬಾಳೂರಿನ ನಮ್ಮ ತೋಟದ ಜೀಪ್ ಶೆಡ್ಡಿಗೆ ಎರಡು ಶಟರ್, ಎರಡಕ್ಕೂ ಬೇರೆ ಬೇರೆ ಮೋಟಾರು. ಹೋದ ಮಳೆಗಾಲದಲ್ಲಿ ನನ್ನ ಹೆಂಡತಿ ಅಲ್ಲಿ ಕತ್ತಲಲ್ಲಿ ದೀಪದ ಸ್ವಿಚ್ ಹುಡುಕುತ್ತಾ ಜಾರಿ ಬಿದ್ದು ಕೈ ಮುರಿದುಕೊಂಡಳು. ಕೈ ಸರಿಹೋದ ಮೇಲೂ ಜೀಪು ಓಡಿಸಲು ಅವಳು ಶೆಡ್ಡಿನೊಳಗೆ ಕಾಲಿಡಲಿಲ್ಲ. ಅದಕ್ಕೇ, ಯಾವ ಶಟರ್ ತೆರೆದರೂ ತಾನಾಗಿ ಹತ್ತುವ ವೈರ್‌ಲೆಸ್ ದೀಪ ತಂದೆ.

ದೀಪದ ಗುಂಡಿ ಒತ್ತಿ ಹಿಡಿದು ಮೊದಲ ಮೋಟಾರಿಗೆ ಜೋಡಿಸಿದೆ, ಹತ್ತಿತು. ಎರಡನೆಯದಕ್ಕೆ ಜೋಡಿಸಿದರೆ ಮೊದಲನೆಯದನ್ನು ಮರೆಯುತ್ತಿತ್ತು. ಸಂಜೆಯವರೆಗೂ ಏಣಿಯ ಮೇಲೇ ಇದ್ದೆ. ಹೊರಗೆ ನಿಂತು ನೋಡುತ್ತಿದ್ದ ಅವಳಿಗೆ ಕೊನೆಗೂ ತಡೆಯಲಾಗಲಿಲ್ಲ.

“ಗುಂಡಿ ಒತ್ತಿ ಹಿಡೀಬೇಡಿ. ಹಿಡಿದ್ರೆ ಕಲ್ತದ್ದೆಲ್ಲ ಅಳಿಸಿ ಹೋಗ್ತದೆ ಅಂತ ಡಬ್ಬದ ಮೇಲೇ ಬರ್ದಿದೆ. ಒಂದ್ಸಲ ಮುಟ್ಟಿ ಬಿಟ್ರೆ ಸಾಕು.”

“ಹಾಗಾದ್ರೆ ನೀನೇ ಬಾ ಮಾರಾಯ್ತಿ, ಕೆಳಗಿಂದ ಶಟರಿನ ರಿಮೋಟ್ ಒತ್ತು.”

ಅವಳು ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಎರಡೂ ಮೋಟಾರುಗಳನ್ನು ಹೊಸದಾಗಿ ಜೋಡಿಸಿದೆವು. ಅವಳು ಒಂದು ಶಟರ್ ಎತ್ತಿದಳು, ದೀಪ ಹತ್ತಿತು. ಅದು ತಾನಾಗಿ ಆರುವವರೆಗೆ ಕಾದು ಇನ್ನೊಂದನ್ನು ಎತ್ತಿದಳು. ಅದಕ್ಕೂ ಹತ್ತಿತು.

ಆ ಬೆಳಕಿನಲ್ಲಿ ಅವಳು ಜೀಪಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಕೀ ಕೊಡಿ. ಗೇಟಿನ ತನಕ ಹೋಗಿ ಬರ್ತೇನೆ.”

ನಾನು ಏಣಿಯಿಂದ ಇಳಿದು ಪಕ್ಕದ ಸೀಟಿನಲ್ಲಿ ಕುಳಿತೆ.