ಗೋಡೆಯ ತೂತಿಗೆ ತುರುಕಿದ ಹಸಿರು ಬಟ್ಟೆ

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನಾನು ಆರು ವರ್ಷ ನರ್ಸ್ ಆಗಿದ್ದೆ. ಅದರ ಯಜಮಾನ ಡಾಕ್ಟರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿ, ಆರುವುದು ನನಗೂ ಬೇಕಿಲ್ಲ.

ಅರಿವಳಿಕೆ ಯಂತ್ರದಿಂದ ಒಂದು ಪೈಪು ಗೋಡೆಯ ತೂತಿನ ಮೂಲಕ ಹೊರಗೆ ಹೋಗುತ್ತಿತ್ತು. ರೋಗಿ ಉಸಿರಾಡಿ ಬಿಟ್ಟ ಗ್ಯಾಸು ನಮ್ಮ ಮೂಗಿಗೆ ಬಾರದಿರಲೆಂದು ಆ ಏರ್ಪಾಡು. ಒಂದು ಬೇಸಿಗೆಯಲ್ಲಿ ಡಾಕ್ಟರು, "ಎಸಿ ತಂಪೆಲ್ಲ ಆ ತೂತಿನಾಗ ಹೊರಗ ಹೋಗ್ತೈತೆ, ಮುಚ್ರಿ ಸಿಸ್ಟರ್" ಅಂದರು. ನಾನು ಮರುಮಾತಾಡದೆ ಪೈಪನ್ನು ಒಳಗೆಳೆದು ಯಂತ್ರದ ಹಿಂದೆ ಇಳಿಬಿಟ್ಟೆ. ಥಿಯೇಟರಿನ ಹಳೆಯ ಹಸಿರು ಬಟ್ಟೆಯೊಂದನ್ನು ಸುತ್ತಿ ತೂತಿಗೆ ತುರುಕಿದೆ. ಜಾಣೆ ಅನ್ನಿಸಿಕೊಂಡೆ ಕೂಡ.

ಆಮೇಲೆ ಮಧ್ಯಾಹ್ನವಾದರೆ ತಲೆ ಸಿಡಿಯತೊಡಗಿತು. ಹಸಿವಿಗೆ ಅಂದುಕೊಂಡೆವು, ನಾನೂ ಅಲ್ಲಿನ ಆಯಾನೂ. ಸಂಜೆ ಹರಿಹರದ ಬಸ್ಸು ಹತ್ತಿದರೆ ಕಂಡಕ್ಟರೇ ಎಬ್ಬಿಸಬೇಕಿತ್ತು. ಡಾಕ್ಟರಿಗೆ ಏನೂ ಆಗುತ್ತಿರಲಿಲ್ಲ. ಹೊಲಿಗೆ ಮುಗಿದದ್ದೇ ತಡ, ಅವರು ಹೊರಗೆ. ರೋಗಿಗೆ ಎಚ್ಚರವಾಗುವತನಕ ಅಲ್ಲಿರುವವರು ನಾವು.

ಮದುವೆಯಾಗಿ ಐದು ವರ್ಷಕ್ಕೆ ಬಸಿರಾದೆ. ಮೂರನೇ ತಿಂಗಳಲ್ಲಿ ಯಂತ್ರದ ಸರ್ವಿಸಿಗೆ ಬಂದ ಮೆಕ್ಯಾನಿಕ್ ಆ ಪೈಪು ಹಿಡಿದು, "ಇಷ್ಟ್ ದಿನ ಈ ಗ್ಯಾಸ್ ಎಲ್ಲಾ ನೀವಾ ಕುಡೀತಿದ್ರೇನ್ರಿ? ಬಸ್ರಿ ಹೆಂಗಸ್ರಂತೂ ಇಲ್ಲಿ ನಿಂದ್ರಬಾರ್ದು" ಅಂದ. ನಾನು ಬಸಿರಿ ಎಂದು ಅವನಿಗೇನು ಗೊತ್ತು?

ಬಟ್ಟೆ ಕಿತ್ತುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಬಸಿರಿ ಇದ್ದೇನೆ, ವಾರ್ಡಿಗೆ ಹಾಕಿ ಎಂದೆ.

"ವಾಸ್ನೆ ಬರ್ತೈತಾ? ಇಲ್ಲ. ಮತ್ಯಾಕ ಹೆದರ್ತಿ? ವಾರ್ಡಿನಾಗ ಜಾಗ ಇಲ್ಲ. ಅಷ್ಟಕ್ಕೂ ತೂತು ಮುಚ್ಚಿದ್ದು ಯಾರು? ನೀನೇ ಅಲ್ಲೇನು?"

ಅದು ನಿಜ. ಆ ಮನುಷ್ಯನನ್ನು ನಾನು ಕ್ಷಮಿಸದಿರುವುದು ಆ ನಿಜಕ್ಕೇ. ಗ್ಯಾಸಿನ ವಿಷಯ ಓದಿಕೊಂಡಿದ್ದವರು ಅವರು. ತಪ್ಪು ಮಾತ್ರ ನನ್ನ ತಲೆಗೆ. ಅವತ್ತೇ ಕೆಲಸ ಬಿಟ್ಟೆ. ಉಳಿದ ತಿಂಗಳುಗಳಲ್ಲಿ ಕೂಸು ಒದೆಯುವುದು ಸ್ವಲ್ಪ ತಡವಾದರೂ ಈ ಬಲಗೈಯನ್ನು ನೋಡಿಕೊಂಡು ಶಪಿಸುತ್ತಿದ್ದೆ.

ಮಗಳು ಈಗ ಒಂದನೇ ಕ್ಲಾಸು, ಗಟ್ಟಿಮುಟ್ಟಾಗಿದ್ದಾಳೆ. ಅದರಲ್ಲಿ ಡಾಕ್ಟರ ಪುಣ್ಯವೇನೂ ಇಲ್ಲ.

ಮೊನ್ನೆ ಹರಿಹರದ ಸಂತೆಯಲ್ಲಿ ಆ ಆಯಾ ಸಿಕ್ಕಳು. ತೂತು ಹೇಗಿದೆ ಎಂದು ಕೇಳಿದೆ.

"ಮತ್ತೆ ಬಟ್ಟೆ ತುರುಕ್ಯಾರ್ರೀ ಸಿಸ್ಟರ್. ನಿಮ್ಮ ಜಾಗಕ್ಕ ಒಬ್ಬ ಹುಡುಗಿ ಬಂದಾಳೆ, ಭಾಳ ಒಳ್ಳೇಕಿ, ಹೇಳಿದ್ದು ಕೇಳ್ತಾಳೆ. ಪಾಪ, ಈಗ ಎರಡು ತಿಂಗಳ ಬಸ್ರಿ."

ನಾನು ತರಕಾರಿ ಚೀಲ ನೆಲಕ್ಕಿಟ್ಟು, ಆ ಹುಡುಗಿಯ ಫೋನ್ ನಂಬರ್ ಕೇಳಿದೆ.