ಟ್ಯೂಬ್ ತೆಗೆಯುವುದೋ, ಬಿಡುವುದೋ

ಮಕ್ಕಳ ಡಾಕ್ಟರಾದ ಮೇಲೂ ನಾನು ಓದುತ್ತಲೇ ಇರುವುದು ಊಟಿ ಕಡೆಯ ನಮ್ಮ ಹಟ್ಟಿಯವರಿಗೆ ವಿಚಿತ್ರವಾಗಿ ಕಂಡಿತ್ತು. ಚಹಾ ಎಲೆ ತೂಕಕ್ಕೆ ಹಾಕಿ ಬಂದ ನನ್ನ ಮಾವ ಒಂದು ದಿನ ಕೇಳಿಯೇಬಿಟ್ಟರು. “ನಿಜ ಹೇಳು, ನೀ ಪಾಸಾಗಿ ಓದ್ತಿದ್ದೀಯಾ, ಫೇಲಾಗಿ ಓದ್ತಿದ್ದೀಯಾ?”

ಉಸಿರಾಡಲಿಕ್ಕೇ ಯಂತ್ರ ಬೇಕಾಗುವಷ್ಟು ಕಾಯಿಲೆ ಬಿದ್ದ ಮಕ್ಕಳನ್ನು ನೋಡಿಕೊಳ್ಳುವುದನ್ನು ಬೇರೆಯಾಗಿಯೇ ಕಲಿಯಬೇಕು ಮಾವ, ಅದಕ್ಕೆ ಫೆಲೋಶಿಪ್ ಅಂತಾರೆ, ಎಂದೆ. ಅವರು, “ಅಂದ್ರೆ ದಿನಾ ಅಂಜೋ ಕೆಲ್ಸ” ಎಂದರು. ತಮಾಷೆಗೆ ಅಂದದ್ದು. ಕೋಯಮತ್ತೂರಿನ ಆಸ್ಪತ್ರೆಗೆ ಸೇರಿದ ಮೊದಲ ವಾರದಲ್ಲೇ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾಯಿತು.

ನಮಗೆ ಕಲಿಸುತ್ತಿದ್ದ ಮೇಡಂ ಮೈಸೂರಿನವರು. ಅವರ ಪಾಠಗಳಲ್ಲಿ ಒಂದು ಹೀಗಿತ್ತು: “ಮಗುವಿನ ಗಂಟಲಲ್ಲಿ ಟ್ಯೂಬ್ ಸರಿಯಾದ ಜಾಗದಲ್ಲಿ ಇದೆಯೋ ಇಲ್ಲವೋ ಅನ್ನೋ ಅನುಮಾನ ಬಂತಾ, ತೆಗೆದುಹಾಕು. ಮಾಸ್ಕ್ ಒತ್ತಿ ಉಸಿರು ಕೊಡು. ಟ್ಯೂಬ್ ಮೇಲೆ ಮೋಹ ಇಟ್ಕೋಬೇಡ.” ತರಗತಿಯಲ್ಲಿ ಕೂತು ಕೇಳುವಾಗ ಇದು ಎಷ್ಟು ಸುಲಭ ಅನ್ನಿಸಿತ್ತು!

ಒಂದು ಮಗುವಿಗಾಗಿ ಊಟಿಯ ಆಸ್ಪತ್ರೆಯಿಂದ ಫೋನ್ ಬಂದ ಬೆಳಿಗ್ಗೆ ಮೇಡಂ ನನ್ನ ಕಡೆ ತಿರುಗಿದರು. “ನಿನ್ನ ಊರಲ್ವೇನೇ? ನೀನೇ ಹೋಗಿ ಕರ್ಕೊಂಡು ಬಾ.” ಅಷ್ಟು ದಿನ ಅವರ ಬೆನ್ನ ಹಿಂದೆ ನಿಂತು ಮಾಡಿದ ಕೆಲಸವನ್ನು ಅಂದು ಮೊದಲ ಸಲ ಒಬ್ಬಳೇ ಮಾಡಬೇಕಿತ್ತು.

ನಂಜನಾಡಿನ ಕಡೆಯ ನಾಲ್ಕು ವರ್ಷದ ಹುಡುಗಿ. ಅಪ್ಪ ಅಮ್ಮ ಕ್ಯಾರೆಟ್ ಬೆಳೆಯುವವರು. ಜ್ವರದಿಂದ ಶುರುವಾಗಿ ಗಂಟಲು ಊದಿ, ಎದೆ ಕಟ್ಟಿ, ಉಸಿರೇ ನಿಲ್ಲುವ ಹಾಗಾದಾಗ ಅಲ್ಲಿಯ ಡಾಕ್ಟರು ಪಾಡುಪಟ್ಟು ಗಂಟಲಿಗೆ ಟ್ಯೂಬ್ ಇಳಿಸಿದ್ದರು. ನನಗೆ ಮಗುವನ್ನು ಒಪ್ಪಿಸುವಾಗ ಅವರ ಅಂಗಿ ಬೆವರಿನಿಂದ ಅಂಟಿಕೊಂಡಿತ್ತು, ಊಟಿಯ ಆ ಚಳಿಯಲ್ಲಿ. “ಒಳಗೆ ದಾರಿಯೇ ಕಾಣ್ತಿರಲಿಲ್ಲ. ಹೇಗೆ ಹೋಯ್ತೋ ನನಗೂ ಗೊತ್ತಿಲ್ಲ. ಇದು ಹೊರಗೆ ಬಂದ್ರೆ ಇನ್ನೊಮ್ಮೆ ಹಾಕೋದು ಯಾರ ಕೈಲೂ ಆಗಲ್ಲ” ಎಂದರು.

ಅಂದರೆ ಆ ಟ್ಯೂಬೇ ಮಗುವಿನ ಜೀವ.

ಹೊರಡುವ ಮುಂಚೆ ಮಗುವಿನ ಅಜ್ಜಿ ಆಂಬುಲೆನ್ಸಿನ ಬಾಗಿಲಿಗೆ ಬಂದರು. ಬಿಳಿ ಮುಂಡು ಸುತ್ತಿದ್ದ ಮುದುಕಿ. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಹರಸಬೇಕು ಎಂದರು. ಟ್ಯೂಬ್ ಅಲುಗೀತು ಎಂದು ನಾನು ಮಗುವಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, “ಮೆಲ್ಲಗೆ ಹೆತ್ತೆ, ಮೆಲ್ಲಗೆ” ಎಂದೆ. ನಮ್ಮ ಮಾತಿನಲ್ಲಿ ಹೆತ್ತೆ ಅಂದರೆ ಅಜ್ಜಿ. ಅವರು ಹೂವು ಮುಟ್ಟಿದಷ್ಟೇ ಮುಟ್ಟಿದರು. ಆಮೇಲೆ ಅದೇ ಕೈಯನ್ನು ನನ್ನ ತಲೆಯ ಮೇಲೂ ಇಟ್ಟರು. ನಮ್ಮ ಹಿರಿಯರು ಹೀಗೆ ಕೈಯಿಟ್ಟಾಗೆಲ್ಲ ನನಗೆ ಧೈರ್ಯ ಬರುತ್ತಿತ್ತು. ಅಂದು ಬರಲಿಲ್ಲ. ಈ ಕೈಗೆ ನಾನು ಉತ್ತರ ಕೊಡಬೇಕಾದೀತು ಅನ್ನಿಸಿತು.

ಒಳಗೆ ಮಗುವಿನ ತಾಯಿ, ನಾವು ಮಲಯಾಳದಲ್ಲಿ ಅಕ್ಕ ಎನ್ನುವ ಹಾಗೆ ‘ಚೇಚಿ’ ಎನ್ನುತ್ತಿದ್ದ ಗೂಡಲೂರಿನ ಒಬ್ಬ ನರ್ಸ್, ನಾನು. ಡ್ರೈವರ್ ನಮ್ಮವರೇ. ನನ್ನನ್ನು ತಂಗಿಯ ಹಾಗೆ ‘ಅಮ್ಮೆ’ ಎಂದು ಕರೆದರು. “ಅಮ್ಮೆ, ಬಿರುಸಾ ಹೋಗ್ಲಾ, ಮೆಲ್ಲ ಹೋಗ್ಲಾ? ಬಿರುಸಾ ಹೋದ್ರೆ ನೀ ಬೈತೀಯ, ಮೆಲ್ಲ ಹೋದ್ರೆ ನಿಮ್ಮ ಮೇಡಂ ಬೈತಾರೆ.”

“ಅಣ್ಣಾ, ಬೈಗುಳ ನಾನು ತಿಂತೀನಿ, ಗುಂಡಿ ನೀವು ತಪ್ಪಿಸಿ.”

ಕೂನೂರು ದಾಟುವವರೆಗೂ ಎಲ್ಲ ಸರಿಯಿತ್ತು. ಮಗುವಿಗೆ ನಿದ್ದೆಯ ಔಷಧಿ ಹೋಗುತ್ತಿತ್ತು, ಯಂತ್ರ ತನ್ನ ಪಾಡಿಗೆ ಉಸಿರು ಊದುತ್ತಿತ್ತು. ಘಾಟಿಯ ತಿರುವುಗಳು ಒಂದರ ಹಿಂದೊಂದು ಬರತೊಡಗಿದವು. ಮಂಜು ಹಿಂದಾಗಿ ಸೆಕೆ ಏರಿತು. ಬರ್ಲಿಯಾರ್ ಹತ್ತಿರ ಇರಬೇಕು, ಯಂತ್ರದ ಕೆಂಪು ದೀಪ ಹೊಡೆದುಕೊಳ್ಳತೊಡಗಿತು. ಊದಿದ ಗಾಳಿ ಪೂರ್ತಿ ಹಿಂದಿರುಗುತ್ತಿಲ್ಲ ಎಂದು ಅದರ ದೂರು. ಮಗುವಿನ ಬಾಯಿಯ ಮೂಲೆಯಲ್ಲಿ ಎಂಜಲು ಗುಳ್ಳೆಗಟ್ಟುತ್ತಿತ್ತು. ರಕ್ತದ ಆಮ್ಲಜನಕ ತೋರಿಸುವ ಅಂಕಿ ಮೆಲ್ಲಗೆ ಇಳಿಯತೊಡಗಿತು.

ಯಂತ್ರ ಬಿಚ್ಚಿ ಚೀಲ ಸಿಕ್ಕಿಸಿ ಕೈಯಿಂದಲೇ ಗಾಳಿ ಒತ್ತಿದೆ. ಚೇಚಿ ಚೀಲ ಹಿಡಿದುಕೊಂಡಾಗ ನಾನು ಸ್ಟೆತಸ್ಕೋಪ್ ಎದೆಗಿಟ್ಟೆ.

ಏನೂ ಕೇಳಿಸಲಿಲ್ಲ.

ಎಡಕ್ಕೆ ಇಟ್ಟೆ, ಬಲಕ್ಕೆ ಇಟ್ಟೆ. ನಿಶ್ಶಬ್ದ. ಉಸಿರಿನ ಸದ್ದಿಲ್ಲ ಅಂದರೆ ಟ್ಯೂಬ್ ಜಾರಿದೆ. ಜಾರಿದ್ದರೆ ನಾವು ಒತ್ತುತ್ತಿರುವ ಗಾಳಿ ಮಗುವಿನ ಹೊಟ್ಟೆಗೆ ಹೋಗುತ್ತಿದೆ. ಟ್ಯೂಬ್ ಜಾಗದಲ್ಲಿದೆಯೇ ಎಂದು ತೋರಿಸುವ ಪುಟ್ಟ ಸಾಧನ ಆ ಗಾಡಿಯಲ್ಲಿ ಇರಲಿಲ್ಲ. ಮೇಡಂಗೆ ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ‘ಅನುಮಾನ ಬಂತಾ, ತೆಗೆದುಹಾಕು’ ಎಂಬ ಅವರ ಮಾತು, ‘ಇನ್ನೊಮ್ಮೆ ಹಾಕೋದು ಯಾರ ಕೈಲೂ ಆಗಲ್ಲ’ ಎಂಬ ಊಟಿಯ ಡಾಕ್ಟರ ಮಾತು, ಎರಡೂ ನನ್ನ ತಲೆಯಲ್ಲಿ ಒಟ್ಟಿಗೆ ಕಿರುಚುತ್ತಿದ್ದವು.

“ಎಡುಕ್ಕಣೋ ಡಾಕ್ಟರೇ? ತೆಗೆಯೋದಾ?” ಚೇಚಿಯ ತುಟಿ ಅಲುಗಿದ್ದರಿಂದಲೇ ಅರ್ಥವಾಯಿತು.

“ಏನ ಆತು ಅಕ್ಕ? ಎನ್ನ ಕೂಸುಗ ಏನ ಆತು?” ತಾಯಿ ನನ್ನ ಮೊಣಕೈ ಹಿಡಿದು ಜಗ್ಗುತ್ತಿದ್ದಳು. ನಾನು ಅವಳ ಕೈ ಕೊಡವಿದೆ. ಅಷ್ಟು ಒರಟಾಗಿ ನಾನು ಯಾವ ತಾಯಿಯನ್ನೂ ಕೊಡವಿದವಳಲ್ಲ.

ಟ್ಯೂಬ್ ಅಲುಗದಂತೆ ಮಗುವಿನ ತುಟಿಗೆ ಅಂಟಿಸಿದ್ದ ಪ್ಲಾಸ್ಟರಿನ ತುದಿಗೆ ನನ್ನ ಉಗುರು ಹೋಯಿತು. ಅರ್ಧ ಸುಲಿದೂ ಬಿಟ್ಟೆ. “ಅಣ್ಣಾ, ಗಾಡಿ ನಿಲ್ಸಿ!” ಎಂದು ಕೂಗಿದೆ.

ಆ ಕೂಗು ನನ್ನದು ಎಂದು ನನಗೇ ಅನ್ನಿಸಲಿಲ್ಲ. ಕೊಡದೊಳಗೆ ತಲೆ ಹಾಕಿ ಕೂಗಿದ ಹಾಗೆ ತಲೆಬುರುಡೆಯ ಒಳಗೇ ಗುಂಯ್ ಎಂದಿತು. ಗಾಡಿ ನಿಂತಿತು. ನಿಂತ ಸದ್ದೂ ಇಲ್ಲ.

ನನ್ನ ಕಿವಿ ಕಟ್ಟಿಕೊಂಡಿತ್ತು!

ಬೆಟ್ಟದಲ್ಲಿ ಹುಟ್ಟಿದವರಿಗೆ ಇದು ಹೊಸದೇನಲ್ಲ. ಘಾಟಿ ಇಳಿಯುವಾಗೆಲ್ಲ ಕಿವಿ ಮುಚ್ಚುತ್ತದೆ, ಉಗುಳು ನುಂಗಿದರೆ ಬಿಡುತ್ತದೆ. ಬಸ್ಸಿನಲ್ಲಿ ನಮ್ಮಜ್ಜ ನಮಗೆಲ್ಲ ಹುಳಿಮಿಠಾಯಿ ಕೊಡುತ್ತಿದ್ದುದೇ ಅದಕ್ಕೆ. ಆದರೆ ಅಂದು ಹೆದರಿಕೆಗೆ ನನ್ನ ಬಾಯಿ ಎಷ್ಟು ಒಣಗಿತ್ತೆಂದರೆ ನುಂಗಲು ಉಗುಳೇ ಇರಲಿಲ್ಲ. ಮೂಗು ಹಿಡಿದು, ಬಾಯಿ ಮುಚ್ಚಿ, ಜೋರಾಗಿ ಊದಿದೆ. ಟಪ್ ಎಂದಿತು. ಲಾರಿಗಳ ಹಾರನ್ನು, ತಾಯಿಯ ಅಳು, ಡ್ರೈವರ್ ಅಣ್ಣನ “ಏನಮ್ಮೆ, ಏನು?” ಎಲ್ಲ ಒಮ್ಮೆಗೇ ನುಗ್ಗಿದವು.

ಮತ್ತೆ ಎದೆಗಿಟ್ಟೆ. ಉಸಿರಿತ್ತು. ಎಡಕ್ಕೂ ಇತ್ತು, ಬಲಕ್ಕೂ ಇತ್ತು. ಕುತ್ತಿಗೆಯ ಹತ್ತಿರ ಮಾತ್ರ ಸುಂಯ್ ಎಂದು ಗಾಳಿ ಸೋರುತ್ತಿತ್ತು. ಟ್ಯೂಬಿನ ತುದಿಯಲ್ಲಿ, ಸಂದಿಯಿಂದ ಗಾಳಿ ಸೋರದ ಹಾಗೆ ಒಂದು ಪುಟ್ಟ ಬಲೂನು ಇರುತ್ತದೆ. ಮೇಲೆ ಊಟಿಯಲ್ಲಿ ತುಂಬಿದ ಗಾಳಿ ಕೆಳಗೆ ಇಳಿಯುತ್ತ ಅಮುಕಿಕೊಂಡು ಬಲೂನು ಸಣ್ಣದಾಗಿತ್ತು. ನನ್ನ ಕಿವಿಗೆ ಆದದ್ದೇ ಅದಕ್ಕೂ ಆಗಿತ್ತು. ಸಿರಿಂಜಿನಲ್ಲಿ ಚೂರೇ ಚೂರು ಗಾಳಿ ಸೇರಿಸಿದೆ. ಸೋರಿಕೆ ನಿಂತಿತು. ಅಂಕಿ ಏರಿತು. ಅರ್ಧ ಸುಲಿದ ಪ್ಲಾಸ್ಟರಿನ ಮೇಲೆ ಇನ್ನೊಂದು ಅಂಟಿಸುವಾಗ ಅದು ನನ್ನ ಬೆರಳಿಗೇ ಸುತ್ತಿಕೊಂಡಿತು. ಚೇಚಿ ಅದನ್ನು ಬಿಡಿಸಿ ತಾವೇ ಅಂಟಿಸಿದರು.

ಕೋಯಮತ್ತೂರು ಮುಟ್ಟುವವರೆಗೂ ತಿರುವಿಗೊಮ್ಮೆ ಮೂಗು ಹಿಡಿದು ಊದಿಕೊಳ್ಳುತ್ತ ಬಂದೆ.

ಎಲ್ಲ ಕೇಳಿದ ಮೇಡಂ ಹೊಗಳಲೂ ಇಲ್ಲ, ಬೈಯಲೂ ಇಲ್ಲ. “ಎದೆ ಏಳ್ತಿತ್ತಾ ಅಂತ ಕಣ್ಣಲ್ಲಿ ನೋಡಿದ್ಯಾ?” ಎಂದರು. ಇಲ್ಲ ಎಂದೆ. “ನೋಡ್ಬೇಕಿತ್ತು” ಎಂದರು. ಮಗುವಿನ ಗಂಟಲ ಊತ ಇಳಿದ ಮೇಲೆ ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ನನ್ನನ್ನು ನಿಲ್ಲಿಸಿ, “ಈಗ ತೆಗಿ” ಎಂದರು.

ಪ್ಲಾಸ್ಟರಿಗೆ ಉಗುರು ಹಾಕಿದಾಗ ಘಾಟಿಯ ಹೆದರಿಕೆ ಅಷ್ಟೂ ಬಂತು. ಎಳೆದೆ. ಮಗು ಕೆಮ್ಮಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಡಕು ಗಂಟಲಲ್ಲಿ “ಅವ್ವೇ” ಎಂದಿತು.

“ಎನ್ನ ಕೂಸು ಕಾಗೆ ಆತು!” ಎಂದು ತಾಯಿ ಅಳುತ್ತ ನಕ್ಕಳು. ಅಲ್ಲಿದ್ದ ನರ್ಸ್ ಚೇಚಿಯರೂ ನಕ್ಕರು, ಮೇಡಂ ಕೂಡ. ನನಗೆ ನಗು ಬರಲಿಲ್ಲ. ಗಂಟಲು ಮತ್ತೆ ಊದಿದರೆ ಮೊದಲು ಕೇಳಿಸುವುದು ಇಂಥದೇ ಒಡಕು ದನಿ. ಸಂಜೆಯವರೆಗೂ ಮಗುವಿನ ಹಾಸಿಗೆ ಬಿಟ್ಟು ಕದಲದೆ, ಅದು ಒಂದೊಂದು ಸಲ ಉಸಿರೆಳೆದಾಗಲೂ ಎದೆ ಏಳುವುದನ್ನು ನೋಡುತ್ತ ನಿಂತಿದ್ದೆ.